ಜೋಪಾನದ ಮನೆ ಪರೀಕ್ಷೆ

ಜೂನ್ 8, ಭಾನುವಾರ

ವಾದಿರಾಜನ ವಿಡಿಯೊ ನೋಡಬಾರದು ಅಂತ ಹಟ ಹಿಡಿದು ಕೂತಿದ್ದೆ. ಇವತ್ತು ಉಪ್ಪಿಟ್ಟು ತಿಂತಾ ನೋಡಿಬಿಟ್ಟೆ. ಆಮೇಲೆ ಉಪ್ಪಿಟ್ಟೂ ಸೇರಲಿಲ್ಲ.

ಹೊಸ ಚಾನೆಲ್ಲು, ಹೊಸ ಸೋಫಾ, ಹಿಂದುಗಡೆ ನೀಲಿ ದೀಪ. ಏಳು ವರ್ಷ ಚಾಮರಾಜಪೇಟೆಯ ಈ ನಮ್ಮನೆ ಮುಂದಿನ ಕೋಣೆಯಲ್ಲಿ, ನಾನು ಬೆಸುಗೆ ಹಾಕೋ ಮೇಜಿನ ಪಕ್ಕ, ಒಂದು ಕಾಲು ಕುಂಟೋ ಸ್ಟೂಲಿನ ಮೇಲೆ ಕೂತು ಮಾತಾಡಿದವನು ಅವನು. ‘ಬಿಚ್ಚಿ ನೋಡಿ’ ಚಾನೆಲ್ ಇಬ್ಬರದೂ. ಮಿಕ್ಸಿ, ಇಯರ್‌ಫೋನು, ಪವರ್ ಬ್ಯಾಂಕು, ಏನೇ ಬರಲಿ, ಬಿಚ್ಚೋದು ನಾನು, ಅಳೆಯೋದು ನಾನು, ಮತ್ತೆ ಜೋಡಿಸೋದು ನಾನು. ಬಾಯಿ ಮಾತ್ರ ಅವನದು. ಬಸವನಗುಡಿ ಬಾಯಿ, ತುಪ್ಪ ಸವರಿದ್ದು. ಜನವರಿಯಲ್ಲಿ ಬಂದು "ಮಗಾ, ನಂದೇ ಅಂತ ಏನಾದ್ರೂ ಮಾಡೋಣ ಅಂತಿದೀನಿ" ಅಂದ. ಮಾಡ್ಕೋ ಅಂದೆ. ಮಾಡ್ಕೊಂಡಿದಾನೆ.

ಈಗ ಹೊಗಳ್ತಿರೋದು ‘ಜೋಪಾನ’ ಅನ್ನೋ ಪದಕವನ್ನ. ವಯಸ್ಸಾದವರು ಕೊರಳಿಗೆ ಹಾಕ್ಕೋಬೇಕು. ಬಿದ್ದರೆ ಕೀಂ ಅಂತ ಹೊಡ್ಕೊಳ್ಳುತ್ತೆ, ಮನೆಯವರ ಫೋನಿಗೂ ಕರೆ ಹೋಗುತ್ತೆ. ಶಂಕರಪುರಂನಲ್ಲಿ ಹಂಸಾ ಅನ್ನೋ ಹುಡುಗಿ ಮಾಡಿದ್ದಂತೆ. ಅವಳ ಅಜ್ಜಿ ಬಿದ್ದು, ಇಡೀ ಮಧ್ಯಾಹ್ನ ಯಾರಿಗೂ ಗೊತ್ತಾಗಲಿಲ್ಲವಂತೆ, ಅದಕ್ಕೆ. ವಾದಿರಾಜ ಕಣ್ಣು ಒದ್ದೆ ಮಾಡ್ಕೊಂಡು ಹೇಳಿದ: "ನಮ್ಮಮ್ಮ ಒಂದು ತಿಂಗಳು ಹಾಕ್ಕೊಂಡಿದ್ರು. ಒಂದೇ ಒಂದು ಸಲ ಸುಮ್ಮಸುಮ್ಮನೆ ಹೊಡ್ಕೊಳ್ಳಲಿಲ್ಲ."

ಸುಮ್ಮಸುಮ್ಮನೆ ಹೊಡ್ಕೊಳ್ಳದ ಅಲಾರಂ ನಾನು ಹುಟ್ಟಿದ ಮೇಲೆ ನೋಡಿಲ್ಲ. ಸುಳ್ಳು ಬೊಗಳ್ತಿದಾನೆ.

ನಮ್ಮ ಚಾನೆಲ್ಲಿಗೆ ಒಂದು ನೇಮ ಇದೆ. ಮನೆ ಪರೀಕ್ಷೆ ಆಗದೆ ಯಾವ ವಸ್ತುವಿನ ಬಗ್ಗೆಯೂ ಬಾಯಿ ಬಿಡೋ ಹಾಗಿಲ್ಲ. ಮನೆ ಪರೀಕ್ಷೆ ಅಂದರೆ ನಮ್ಮಮ್ಮನ ಕೈಗೆ ಕೊಡೋದು. ಅವಳು ಒಂದು ತಿಂಗಳು ಬಳಸಬೇಕು, ಆಮೇಲೆ ಕ್ಯಾಮೆರಾ ಮುಂದೆ ಕೂತು ಅನ್ನಿಸಿದ್ದನ್ನ ಹೇಳಬೇಕು. ಒಂದು ಸಲ ಹೆಸರಾಂತ ಮಿಕ್ಸಿಯೊಂದನ್ನ ಮುಂದಿಟ್ಟುಕೊಂಡು "ಇದನ್ನ ಮಾಡ್ದೋನ ಮನೇಲಿ ಚಟ್ನಿ ಅರೀತಾರೋ ಇಲ್ವೋ" ಅಂದಿದ್ದಳು. ಕಂಪನಿಯವರು ಆ ಮಾತು ತೆಗೀರಿ ಅಂತ ಕಾಲಿಗೆ ಬಿದ್ದರು, ನಾನು ತೆಗೀಲಿಲ್ಲ. ನಮ್ಮಮ್ಮ ಮುನಿಲಕ್ಷ್ಮಮ್ಮ ಹೇಳಿದ್ದು ಅಂದರೆ ಜನ ಕಣ್ಣು ಮುಚ್ಚಿ ನಂಬ್ತಾರೆ. ವಾದಿರಾಜ ಎಲ್ಲ ಬಾಚ್ಕೊಂಡು ಹೋದ ಮೇಲೆ ನನ್ನ ಹತ್ತಿರ ಉಳಿದಿರೋದು ಅದೊಂದೇ, ಆ ನಂಬಿಕೆ.

ಅಂಗಡಿಯಿಂದ ಒಂದು ಜೋಪಾನ ತರಿಸ್ತೀನಿ. ಕಂಪನಿಯಿಂದ ಪುಕ್ಕಟೆ ಬೇಡ. ನ್ಯಾಯವಾಗಿ ಅಳೀತೀನಿ. ಚೆನ್ನಾಗಿದ್ದರೆ ಚೆನ್ನಾಗಿದೆ ಅಂತೀನಿ, ಅದರಲ್ಲೇನಿದೆ.

ಜೂನ್ 12, ಗುರುವಾರ

ಬಂತು. ಬಿಚ್ಚಿದೆ. ಒಳಗೆ ಬೈಯೋಕೆ ಏನಾದರೂ ಸಿಗುತ್ತೆ ಅಂತ ಭೂತಗನ್ನಡಿ ಹಿಡಿದು ಕೂತೆ. ಬೆಸುಗೆಯೆಲ್ಲ ನೀಟಾಗಿದೆ. ಬ್ಯಾಟರಿ ಅಲ್ಲಾಡದ ಹಾಗೆ ಸುತ್ತ ರಬ್ಬರ್ ಕೊಟ್ಟಿದಾಳೆ. ನೀರು ಹೋಗದ ಹಾಗೆ ಮುಚ್ಚಳಕ್ಕೆ ರಬ್ಬರ್ ಬಳೆ ಹಾಕಿದಾಳೆ. ಇಷ್ಟು ಶ್ರದ್ಧೆಯಿಂದ ಮಾಡಿದ ವಸ್ತು ಈ ಮೇಜಿಗೆ ಬಂದು ಬಹಳ ದಿನ ಆಗಿತ್ತು. ಬರೆಯೋದಕ್ಕೆ ಸಂಕಟ ಆಗ್ತಿದೆ, ಆದರೂ ಬರೀತೀನಿ.

ಅಮ್ಮನ ಕೊರಳಿಗೆ ಕಟ್ಟಿದೆ. ಕನ್ನಡಿ ಮುಂದೆ ನಿಂತು ನೋಡ್ಕೊಂಡಳು. "ದನದ ಕೊರಳಿಗೆ ಗಂಟೆ ಕಟ್ಟೋದು ನೋಡಿದ್ದೆ. ಮೇಯೋಕೆ ಎಲ್ಲಿಗೆ ಬಿಡ್ತೀಯಪ್ಪ ನನ್ನ?" ಅಂದಳು.

ಜೂನ್ 17, ಮಂಗಳವಾರ

ತರಗುಪೇಟೆಗೆ ಹೋಗಿ ಎರಡು ಗೋಣಿಚೀಲ ಹೊಟ್ಟು ತಂದೆ. ಅಪ್ಪನ ಅಂಗಡಿ ಇದ್ದ ಸಾಲಿನವರು ಈಗಲೂ ಗುರುತು ಹಿಡಿದು ಕಾಫಿ ಕುಡಿಸ್ತಾರೆ. ಹೊಟ್ಟು ತುಂಬಿ, ಕೈ ಕಾಲು ಹೊಲಿದು, ಹೆಚ್ಚುಕಮ್ಮಿ ಅಮ್ಮನ ತೂಕಕ್ಕೇ ಒಂದು ಗೊಂಬೆ ಮಾಡಿದೆ. ಬಾಗಿಲ ಮೇಲೆ ರಾಟೆ ಹಾಕಿ, ಹಗ್ಗ ಎಳೆದರೆ ಒಂದೊಂದು ಸಲ ಒಂದೊಂದು ಥರ ಬೀಳೋ ಹಾಗೆ ವ್ಯವಸ್ಥೆ ಮಾಡಿದೆ. ಅಮ್ಮ ಬೆಳ್ಳುಳ್ಳಿ ಬಿಡಿಸೋದು ಬಿಟ್ಟು ಬಂದು ನೋಡಿದಳು. "ಮೊಮ್ಮಗು ಕೊಡೋ ಅಂತ ಹತ್ತು ವರ್ಷದಿಂದ ಬಡ್ಕೊಂಡಿದ್ದಕ್ಕೆ ಇದನ್ನ ತಂದ್ಯಾ. ಸದ್ಯ, ಊಟ ಕೇಳಲ್ಲ" ಅಂದಳು. ನಕ್ಕೆವು.

ಪದಕವನ್ನ ಗೊಂಬೆ ಕೊರಳಿಗೆ ಹಾಕಿ ಮುಂದಕ್ಕೆ ಬೀಳಿಸಿದೆ, ಹಿಂದಕ್ಕೆ ಬೀಳಿಸಿದೆ, ಗೋಡೆಗೆ ಒರಗಿಸಿ ಜಾರಿಸಿದೆ. ಹಾಳಾದ್ದು, ಪ್ರತಿ ಸಲವೂ ಹೊಡ್ಕೊಂತು.

ಜೂನ್ 21, ಶನಿವಾರ

ಸಿಕ್ಕಿತು.

ಮಧ್ಯಾಹ್ನ ಕೋಣೆಯಲ್ಲಿ ಕೆಲಸ ಮಾಡ್ತಿದ್ದೆ, ಅಡುಗೆಮನೆಯಿಂದ ಕೀಂ ಅಂತು. ಕಾಸಿದ ಬೆಸುಗೆ ಕಡ್ಡಿಯನ್ನ ಮೇಜಿನ ಮೇಲೇ ಬಿಟ್ಟು ಓಡಿದೆ, ನಡುಮನೆ ಹೊಸಿಲಿಗೆ ಮಂಡಿ ಒಡಕೊಂಡೆ. ನೋಡಿದರೆ ಅಮ್ಮ ಮಣೆ ಮೇಲೆ ಕೂತು ಸೌತೆಕಾಯಿ ಹೆಚ್ತಿದಾಳೆ. ಅವಳು ಕೂರೋ ರೀತಿಯೇ ಹಾಗೆ. ಮಂಡಿನೋವಿನವಳು, ಗೋಡೆ ಹಿಡಿದು ಅರ್ಧದವರೆಗೆ ಮೆಲ್ಲಗೆ ಇಳೀತಾಳೆ, ಉಳಿದರ್ಧ ದೊಪ್ ಅಂತ ಬಿಟ್ಟುಬಿಡ್ತಾಳೆ. ಅದಕ್ಕೇ ಇದು ಬಿದ್ದಳು ಅಂತ ತಿಳ್ಕೊಂಡಿದೆ.

"ನಾನೆಲ್ಲೋ ಬಿದ್ದೆ? ಕೂತ್ಕೊಂಡೆ ಅಷ್ಟೆ. ನೀನೇ ಬಿದ್ದಿರೋ ಹಂಗಿದೆ" ಅಂತ ನನ್ನ ಮಂಡಿಗೆ ಅರಿಶಿನ ಹಚ್ಚಿದಳು.

ನೋವಿನಲ್ಲೂ ಖುಷಿ ಆಯ್ತು. ವಾದಿರಾಜನ ಅಮ್ಮ ಸೋಫಾದಿಂದ ಎದ್ದು ಕುರ್ಚಿ, ಕುರ್ಚಿಯಿಂದ ಎದ್ದು ಮಂಚ. ಅಂಥವರ ಮನೆಯಲ್ಲಿ ಯಾಕೆ ಹೊಡ್ಕೊಳ್ಳುತ್ತೆ? ನೆಲದ ಮೇಲೆ ಕೂರೋ ಹೆಂಗಸರ ಬಗ್ಗೆ ಈ ಹುಡುಗಿ ಯೋಚನೆಯನ್ನೇ ಮಾಡಿಲ್ಲ.

ಜೂನ್ 24, ಮಂಗಳವಾರ

ತಡೆಯೋಕಾಗದೆ ವಾದಿರಾಜನಿಗೆ ಫೋನ್ ಮಾಡಿದೆ. ಮಣೆ ವಿಷಯ ಹೇಳಿದೆ. ಜಗಳ ಆಡ್ತಾನೆ ಅಂದ್ಕೊಂಡಿದ್ದೆ, ಆಡಲಿಲ್ಲ.

"ಹೌದಲ್ವಾ ಗುರು, ಅದು ಹೊಳೀಲೇ ಇಲ್ಲ. ಹಂಸಾಗೆ ಹೇಳ್ತೀನಿ, ಸರಿ ಮಾಡ್ತಾಳೆ. ನೀನೇ ಮಾತಾಡು ಬೇಕಾದ್ರೆ, ನಿನ್ನ ಕಂಡರೆ ಅವಳಿಗೆ ಭಾಳ ಗೌರವ. ನಿನ್ನ ವಿಡಿಯೊ ನೋಡೇ ಬೆಸುಗೆ ಹಾಕೋದು ಕಲ್ತಿದ್ದಂತೆ" ಅಂದ.

ಹಾಗಾ ಅಂದೆ.

"ಅಲ್ಲೀವರೆಗೂ ದಾರ ಗಿಡ್ಡ ಕಟ್ಟು ಮಗಾ. ಎದೆಗೆ ಅಂಟ್ಕೊಂಡಿರ್ಬೇಕು. ಹೊಟ್ಟೆ ಮೇಲೆ ನೇತಾಡಿದ್ರೆ ಸುಮ್ನೆ ಹೊಡ್ಕೊಳ್ಳುತ್ತೆ. ಅಮ್ಮ ಹೇಗಿದಾರೆ?"

ಚೆನ್ನಾಗಿದಾಳೆ ಅಂತ ಇಟ್ಟುಬಿಟ್ಟೆ. ಸರಿ ಮಾಡ್ತಾಳಂತೆ. ಸರಿ ಮಾಡಿಬಿಟ್ಟರೆ ನಾನು ಹೇಳೋಕೆ ಏನು ಉಳಿಯುತ್ತೆ? ಬೇಗ ವಿಡಿಯೊ ಮಾಡಬೇಕು. ಹುಡುಗಿಗೆ ಫೋನ್ ಮಾಡೋ ಕೆಲಸ ನನ್ನದಲ್ಲ.

ಜೂನ್ 28, ಶನಿವಾರ

ದಾರ ಉದ್ದ ಮಾಡಿದೆ. ಗಿಡ್ಡ ಕಟ್ಟಿದರೆ ಕತ್ತು ಕಚ್ಚುತ್ತೆ ಅಂತ ಅಮ್ಮನೇ ಹೇಳಿದ್ದಳು. ಹೇಳಿದ್ದು ಒಂದೇ ಸಲ, ಅದೂ ಮೊದಲ ದಿನ. ಆದರೂ ಹೇಳಿದ್ದಂತೂ ಹೌದು. ಎಷ್ಟು ಮನೆಯಲ್ಲಿ ಅಜ್ಜಿಯರು ಕಂಪನಿ ಹೇಳಿದ ಅಳತೆಗೇ ಕಟ್ಕೋತಾರೆ? ಮನೆ ಪರೀಕ್ಷೆ ಅಂದಮೇಲೆ ಮನೆಯಲ್ಲಿ ನಡೆಯೋ ಹಾಗೇ ನಡೀಬೇಕು.

ಈಗ ಸೊಂಟದ ಹತ್ತಿರ ನೇತಾಡುತ್ತೆ. ಒಲೆ ಕಟ್ಟೆಗೆ ತಗುಲಿದರೆ ಕೀಂ. ಬಗ್ಗಿ ರಂಗೋಲಿ ಹಾಕಿದರೆ ಕೀಂ. ಮುದ್ದೆ ತೊಳಸುವಾಗಂತೂ ನಿಲ್ಲಿಸೋದೇ ಇಲ್ಲ. ಎಲ್ಲವನ್ನೂ ಚಿತ್ರೀಕರಿಸ್ತಿದೀನಿ. ಚೆನ್ನಾಗಿ ಬರ್ತಿದೆ. ಫೋನಿಗೆ ಬರೋ ಕರೆಗಳ ಕಾಟ ತಡೆಯೋಕಾಗದೆ ಅದನ್ನ ಸೈಲೆಂಟ್‌ಗೆ ಹಾಕಿದೆ.

ಮಣೆ ಮೇಲೆ ಕೂರೋದನ್ನ ಬೇರೆ ಬೇರೆ ಕಡೆಯಿಂದ ತೆಗೀಬೇಕಿತ್ತು. "ಇನ್ನೊಂದು ಸಲ ಅಮ್ಮ, ಇನ್ನೊಂದೇ ಸಲ" ಅಂತ ಎಬ್ಬಿಸಿ ಕೂರಿಸಿದೆ. ಸಾಯಂಕಾಲ ಮಂಡಿಗೆ ಎಣ್ಣೆ ಹಚ್ಕೊಂಡು ಕೂತಿದ್ದಳು. "ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ನಿನ್ನ ಕೊತ್ತಿ ನಾನಾದ್ನಾ ಮನು?" ಅಂದಳು. ತಮಾಷೆಗೆ ಅಂದಿದ್ದು ಅಂತ ಕಾಣುತ್ತೆ.

ಜುಲೈ 3, ಗುರುವಾರ

ಇವತ್ತಿನ ರೆಕಾರ್ಡಿಂಗ್ ಪೂರ್ತಿ ಹಾಳು. ನಾನು ಕೋಣೆಯಲ್ಲಿ ಮಾತಾಡ್ತಿದ್ದೆ, ಒಳಗೆ ಇದು ಹೊಡ್ಕೊಂತು. ಅಷ್ಟಾದರೆ ಒಳ್ಳೆಯದೇ. ಆದರೆ ಹೊಡ್ಕೊಂಡಾಗಲೆಲ್ಲ ಅಮ್ಮ ಒಳಗಿಂದ "ಏನಿಲ್ಲ ಕಣೋ, ಚೆನ್ನಾಗಿದೀನಿ, ಬರ್ಬೇಡ" ಅಂತ ಕೂಗ್ತಾಳೆ. ಅಭ್ಯಾಸ ಆಗಿಬಿಟ್ಟಿದೆ. ನನ್ನ ಮಾತಿನ ಮೇಲೆ ಅವಳ ಮಾತು.

ಬಾಗಿಲ ಮೇಲೆ ಒಂದು ಕೆಂಪು ದೀಪ ಹಾಕಿದೆ. ಅದು ಉರೀತಿದ್ದಾಗ ಉಸಿರು ಎತ್ತಬೇಡ ಅಂದೆ. ಅದು ಹೊಡ್ಕೊಂಡರೆ ಹೊಡ್ಕೊಳ್ಳಲಿ, ನೀನು ಮಾತ್ರ ಸುಮ್ಮನಿರು.

"ನಿಜವಾಗ್ಲೂ ಬಿದ್ರೆ?"

"ಅದು ಹೊಡ್ಕೊಳ್ಳುತ್ತಲ್ಲಮ್ಮ, ಅದಕ್ಕೇ ತಾನೆ ಕಟ್ಟಿರೋದು" ಅಂತ ನಕ್ಕೆ. ಅವಳೂ ನಕ್ಕಳು.

ಜುಲೈ 6, ಭಾನುವಾರ

ಮಲ್ಲೇಶ್ವರದಿಂದ ಬಿಂದು ಬಂದಿದ್ದಳು. ತಂಗಿ ಬಂದರೆ ಪಾಠ ಇದ್ದೇ ಇರುತ್ತೆ. "ಅಣ್ಣ, ಅಮ್ಮ ಗೋಡೆ ಹಿಡ್ಕೊಂಡು ಓಡಾಡ್ತಿದಾಳೆ, ನೋಡಿದ್ಯಾ? ತಲೆ ಸುತ್ತುತ್ತಂತೆ. ಡಾಕ್ಟರ್ ಹತ್ರ ಕರ್ಕೊಂಡು ಹೋಗು" ಅಂದಳು. ವಿಡಿಯೊ ಮುಗೀಲಿ, ಹೋಗ್ತೀನಿ ಅಂದೆ. ಅಮ್ಮನೂ ಅವಸರ ಏನಿಲ್ಲ ಅಂದಳು.

ಜುಲೈ 10, ಗುರುವಾರ

ಹಳೇ ವಿಡಿಯೊಗಳ ಕೆಳಗೆ ಜನ ಕೇಳ್ತಿದಾರೆ: ಜೋಪಾನದ ಬಗ್ಗೆ ಮುನಿಲಕ್ಷ್ಮಮ್ಮ ಏನಂತಾರೆ? ನಮ್ಮಮ್ಮನಿಗೆ ತಗೋಬೇಕು, ಅವರು ಹೇಳಿದ ಮೇಲೆ ತಗೋತೀವಿ. ಇನ್ನೊಬ್ಬ ಬರೆದಿದಾನೆ, ವಾದಿರಾಜ್ ಸರ್ ಹೇಳಿದಾರೆ, ಆದರೂ ಅಜ್ಜಿ ಹೇಳಲಿ ಅಂತ. ನೋಡು ವಾದಿರಾಜ, ಏನಾಯ್ತು ನಿನ್ನ ಸೋಫಾ, ನಿನ್ನ ನೀಲಿ ದೀಪ?

ಅಮ್ಮನನ್ನ ಕೇಳಿದೆ. ಕ್ಯಾಮೆರಾ ಹಾಕಿರಲಿಲ್ಲ.

"ಒಳ್ಳೇದೇ ಕಣೋ" ಅಂದಳು. "ದಾರ ಗಿಡ್ಡ ಮಾಡಿದ್ರೆ ಸರಿಹೋಗುತ್ತೆ. ಬಚ್ಚಲಿಗೆ ಹೋಗುವಾಗ ಮುಂಚೆ ಭಯ ಆಗೋದು. ಈಗ ಇದು ಇದೆಯಲ್ಲ ಅಂತ ಒಂದು ಧೈರ್ಯ."

ಅವಳಿಗೆ ಯಂತ್ರದ ವಿಷಯ ಏನು ಗೊತ್ತು? ಈ ಸಲ ಅವಳ ಮಾತು ಬೇಡ. ದೃಶ್ಯಗಳೇ ಸಾಕು.

ಜುಲೈ 14, ಸೋಮವಾರ

ಮಾತೆಲ್ಲ ಬರೆದಾಯ್ತು. ನಾಳೆ ರೆಕಾರ್ಡಿಂಗ್. ಬಾಯಿ ಅವನೊಬ್ಬನಿಗೇ ಇರೋದಾ?

ಜುಲೈ 19, ಶನಿವಾರ

ಆಸ್ಪತ್ರೆಯ ವರಾಂಡದಲ್ಲಿ ಕೂತು ಬರೀತಿದೀನಿ. ಅಮ್ಮನ ಸೊಂಟದ ಮೂಳೆ ಮುರಿದಿದೆ. ಆಪರೇಷನ್ ಆಯ್ತು. ನಡೆಯೋದು ಕಷ್ಟ ಅಂತಾರೆ.

ಮಂಗಳವಾರ ಬೆಳಿಗ್ಗೆ ತಿಂಡಿ ಆದಮೇಲೆ ಕೆಂಪು ದೀಪ ಹಾಕಿ ಕೂತೆ. ಮಾತು ಸರಾಗವಾಗಿ ಬರ್ತಿತ್ತು, ಅಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ. ಸುಳ್ಳು ಅಲಾರಂ ವಿಷಯಕ್ಕೆ ಬಂದೆ, ಸರಿಯಾಗಿ ಆಗಲೇ ಒಳಗೆ ಹೊಡ್ಕೊಂತು. ಹೇಳಿ ಮಾಡಿಸಿದ ಹಾಗೆ. ನಾನು ಬೆರಳೆತ್ತಿ ಕ್ಯಾಮೆರಾಗೆ ಹೇಳಿದೆ: "ಕೇಳಿಸ್ಕೊಳ್ಳಿ. ನಮ್ಮಮ್ಮ ಬಿದ್ದಿದಾರೆ ಅಂತಿದೆ ಇದು. ಎಲ್ಲಿ ಬಿದ್ದಿದಾರೆ? ಆರಾಮಾಗಿ ಮಣೆ ಮೇಲೆ ಕೂತಿರ್ತಾರೆ. ಹೊಡ್ಕೊಳ್ಳಲಿ ಬಿಡಿ, ಎಷ್ಟು ಹೊತ್ತು ಹೊಡ್ಕೊಳ್ಳುತ್ತೋ ನೋಡೋಣ." ಅದು ಬಹಳ ಹೊತ್ತು ಹೊಡ್ಕೊಂತು. ನಾನು ಅದರ ಮೇಲೇ ಮಾತಾಡ್ತಾ ಹೋದೆ. ನಿಂತಮೇಲೂ ಮಾತಾಡಿದೆ. ಕೊನೆಯ ಭಾಗ ಮನಸ್ಸಿಗೆ ಬರಲಿಲ್ಲ ಅಂತ ಎರಡನೇ ಸಲ ತೆಗೆದೆ.

ಮುಗಿಸಿ ಕಾಫಿ ಕೇಳೋಣ ಅಂತ ಒಳಗೆ ಹೋದೆ. ಅಡುಗೆಮನೆಯಲ್ಲಿ ಇರಲಿಲ್ಲ. ಬಚ್ಚಲ ಬಾಗಿಲು ಅರ್ಧ ತೆರೆದಿತ್ತು. ನೆಲದ ಮೇಲೆ, ಗೋಡೆಗೆ ಮುಖ ಮಾಡಿ ಬಿದ್ದಿದ್ದಳು. ಸೆರಗನ್ನ ಉಂಡೆ ಮಾಡಿ ಬಾಯಿಗೆ ಒತ್ತಿ ಹಿಡ್ಕೊಂಡಿದ್ದಳು.

"ಯಾಕಮ್ಮ ಕೂಗಲಿಲ್ಲ?" ಅಂದೆ.

ಸೆರಗು ತೆಗೆದು "ದೀಪ ಉರೀತಿತ್ತಲ್ಲಪ್ಪ" ಅಂದಳು. ಆಮೇಲೆ "ಅದು ಹೊಡ್ಕೊಂತಲ್ಲ, ಬರ್ತೀಯ ಅಂತಿದ್ದೆ" ಅಂದಳು.

ಒಂದು ಸಲ ಕೂಗಬಹುದಿತ್ತು. ಕೂಗಿದ್ದರೆ ಬರ್ತಿರಲಿಲ್ಲವಾ? ಒಂದೇ ಸಲ. ಇಷ್ಟು ದಿನ ಬೇಡ ಅಂದಾಗೆಲ್ಲ ಕೂಗಿದವಳು.

ನನ್ನ ಜಾಗದಲ್ಲಿ ಯಾರಿದ್ದರೂ ಹಾಗೇ ತಿಳ್ಕೋತಿದ್ದರು. ದಿನವಿಡೀ ಸುಳ್ಳು ಹೇಳೋ ವಸ್ತು ಒಂದು ದಿನ ನಿಜ ಹೇಳಿದರೆ ಯಾರು ನಂಬ್ತಾರೆ? ತಪ್ಪು ಅದನ್ನ ಹಾಗೆ ಮಾಡಿದವರದು.

ನಿನ್ನೆ ಕ್ಯಾಮೆರಾದಲ್ಲಿದ್ದ ಆ ಭಾಗವನ್ನ ಅಳಿಸಿದೆ. ಯಾರಿಗೂ ಬೇಕಾಗಿಲ್ಲ ಅದು.

ಜುಲೈ 21, ಸೋಮವಾರ

ಬಿಂದು ಇವತ್ತು ಕೇಳೇಬಿಟ್ಟಳು. ಅಮ್ಮನ ತಲೆ ಬಾಚ್ತಾ, ನನ್ನ ಕಡೆ ತಿರುಗದೆ ಕೇಳಿದಳು. "ಕೊರಳಲ್ಲಿ ಅದನ್ನ ಕಟ್ಟಿದ್ಯಲ್ಲಣ್ಣ, ಅದು ಹೊಡ್ಕೊಳ್ಳಲಿಲ್ವಾ?"

"ಇಲ್ಲ" ಅಂದೆ. ಬಾಯಿಂದ ಹಾಗೇ ಬಂತು.

ಅವಳು ಅಮ್ಮನನ್ನ ಕೇಳಿದಳು. "ಹೌದೇನಮ್ಮ?"

ಅಮ್ಮ ನನ್ನ ನೋಡಿದಳು. "ಇಲ್ಲ ಕಣೆ. ಹೊಡ್ಕೊಳ್ಳಲಿಲ್ಲ" ಅಂದಳು. ಆಮೇಲೆ ಜಡೆ ಬಿಗಿಯಾಯ್ತು, ಸಡಿಲ ಮಾಡು ಅಂದಳು.

ಬಿಂದು ಸಿಡಿದೆದ್ದಳು. ಇಂಥದ್ದನ್ನ ಮಾರೋರನ್ನ ಬಿಡಬಾರದು, ಎಲ್ಲರಿಗೂ ಗೊತ್ತಾಗಬೇಕು, ನಿನ್ನ ಚಾನೆಲ್ ಇರೋದೇ ಅದಕ್ಕಲ್ವಾ ಅಂತ. ಹೌದು, ಇರೋದೇ ಅದಕ್ಕೆ. ತಂಗಿಯ ಬಾಯಿಂದ ನನ್ನ ಕೆಲಸದ ಬಗ್ಗೆ ಮೊದಲನೇ ಒಳ್ಳೇ ಮಾತು.

ಜುಲೈ 25, ಶುಕ್ರವಾರ

ವಾದಿರಾಜ ಆಸ್ಪತ್ರೆಗೆ ಬಂದಿದ್ದ. ಜೊತೆಗೆ ಆ ಹುಡುಗಿ ಹಂಸಾ. ಬಿಂದು ಫೋನ್ ಮಾಡಿ ಬೈದಿದ್ದಳಂತೆ. ಹುಡುಗಿಗೆ ಇಪ್ಪತ್ತಾರೋ ಏಳೋ ಇರಬಹುದು. ಮೋಸಂಬಿ ತಂದಿದ್ದಳು. ಬಂದವಳೇ ಅಮ್ಮನ ಕಾಲು ಮುಟ್ಟಿದಳು, ಮಂಚದ ಹತ್ತಿರ ನಿಂತೇ ಇದ್ದಳು. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಸರ್, ಅವತ್ತು ನಿಮ್ಮ ಫೋನಿಗೆ ಕರೆ ಹೋಗಿದೆ ಅಂತ ನಮ್ಮ ಕಡೆ ಕಾಣ್ಸತ್ತೆ. ಆದ್ರೆ ದಿನಾ ಅಷ್ಟೊಂದು ಸಲ ಹೋಗಿದೆ. ಯಾವುದು ಸುಮ್ನೆ ಹೊಡ್ಕೊಂಡಿದ್ದು, ಯಾವುದು ಅಜ್ಜಿ ಬಿದ್ದಾಗಿಂದು ಅಂತ ನಂಗೆ ಹೇಳೋಕಾಗ್ತಿಲ್ಲ" ಅಂದಳು.

"ಬಿದ್ದಾಗ ಹೊಡ್ಕೊಳ್ಳಲಿಲ್ಲ" ಅಂದೆ.

ಅವಳು ನನ್ನ ಮಾತು ಬಿಟ್ಟು ಅಮ್ಮನ ಕಡೆ ಬಗ್ಗಿದಳು. "ಅಜ್ಜಿ, ನೀವು ಹೇಳಿ. ನೀವು ಹೇಳಿದ್ರೆ ಮುಗೀತು. ಕೀಂ ಅಂತ ಒಂದು ಸಲನೂ ಬರಲಿಲ್ವಾ? ಮೆಲ್ಲಗಾದ್ರೂ? ನಮ್ಮಜ್ಜಿಗೆ ಅಂತ ಮಾಡಿದ್ದು ಇದನ್ನ. ಬೇರೆಯವರ ಕೊರಳಲ್ಲೂ ಇದೆ ಅಜ್ಜಿ, ಅದಕ್ಕೆ ಕೇಳ್ತಿದೀನಿ."

ಅಮ್ಮ ಅವಳ ಕೈ ಹಿಡ್ಕೊಂಡಳು. ಬೆರಳುಗಳ ಮೇಲೆ ಬೆಸುಗೆಯ ಸುಟ್ಟ ಕಲೆಗಳಿದ್ದವು, ನನ್ನ ಕೈಯಲ್ಲಿರೋ ಥರದವೇ. ಅಮ್ಮ ಅವುಗಳನ್ನ ಹೆಬ್ಬೆರಳಿಂದ ಸವರಿದಳು. ಏನು ಹೇಳಿಬಿಡ್ತಾಳೋ ಅಂತ ಅವಳ ಬಾಯನ್ನೇ ನೋಡ್ತಿದ್ದೆ.

"ಇಲ್ಲ ಮಗಳೇ" ಅಂದಳು.

ಹುಡುಗಿ ಅತ್ತಳು. ಶಬ್ದ ಮಾಡದೆ ಅತ್ತಳು. ಮಾರೋದು ನಿಲ್ಲಿಸ್ತೀನಿ, ತಗೊಂಡೋರಿಗೆಲ್ಲ ಹೇಳಿ ವಾಪಸ್ ತರಿಸ್ಕೋತೀನಿ ಅಂದಳು. ಇನ್ನೊಂದು ಸಲ ಕಾಲು ಮುಟ್ಟಿ ಹೊರಟಳು. ಅಮ್ಮ ಆಶೀರ್ವಾದ ಮಾಡೋಕೆ ಕೈ ಎತ್ತಿದಳು, ಅರ್ಧಕ್ಕೇ ಇಳಿಸಿದಳು. ನಿಶ್ಶಕ್ತಿ ಇರಬೇಕು.

ಬಾಗಿಲವರೆಗೆ ಕಳಿಸೋಕೆ ಹೋದೆ. ವಾದಿರಾಜ ಮೆಟ್ಟಿಲ ಹತ್ತಿರ ನಿಂತ. ಏಳು ವರ್ಷ ಅಮ್ಮನ ಕೈಯ ಊಟ ಉಂಡವನು. "ಅಮ್ಮನ ಕೈಲಿ ಈ ಮಾತು ಹೇಳಿಸಬಾರದಿತ್ತು ಮಗಾ" ಅಂದ.

"ಯಾವ ಮಾತು?" ಅಂದೆ.

ಅವನು ಏನೂ ಹೇಳದೆ ಇಳಿದು ಹೋದ. ಸೋತವನಿಗೆ ಮಾತು ಎಲ್ಲಿಂದ ಬರುತ್ತೆ. ಹೊಟ್ಟೆಕಿಚ್ಚು, ಮತ್ತೇನು.

ವಾಪಸ್ ಬಂದರೆ ಅಮ್ಮ ಗೋಡೆ ಕಡೆ ಮುಖ ಮಾಡಿದ್ದಳು. ಮೋಸಂಬಿ ಸುಲಿದು ಕೊಟ್ಟೆ. ಬೇಡ ಅಂದಳು.

ಜುಲೈ 30, ಬುಧವಾರ

ಮನೆಗೆ ಕರ್ಕೊಂಡು ಬಂದ್ವಿ. ನಡುಮನೆಯಲ್ಲಿ ಮಂಚ ಹಾಕಿದೀನಿ. ಬಚ್ಚಲಿಗೆ ಹೋಗಬೇಕಾದರೆ ನನ್ನನ್ನ ಕರೆಯಲ್ಲ, ಬಿಂದು ಬರೋವರೆಗೂ ತಡ್ಕೊಂಡಿರ್ತಾಳೆ. ಕೂಗಿ ಹೇಳಮ್ಮ ಅಂದೆ. ಹೂಂ ಅಂದಳು.

ಅಡುಗೆ ನಾನೇ ಮಾಡ್ತಿದೀನಿ. ನಿನ್ನೆ ಸಾರಿಗೆ ಉಪ್ಪೇ ಹಾಕಿರಲಿಲ್ಲ. ಅಮ್ಮ ಏನೂ ಅನ್ನದೆ ಉಂಡಳು. ಮೊದಲಾಗಿದ್ದರೆ ಬೀದಿಗೆಲ್ಲ ಕೇಳೋ ಹಾಗೆ ಹೇಳ್ತಿದ್ದಳು.

ಆಗಸ್ಟ್ 3, ಭಾನುವಾರ

ಕೆಲಸ ಮುಗೀತು.

ನನ್ನ ಮಾತೊಂದೇ ಹಾಕಿದರೆ, ವಾದಿರಾಜನ ಮೇಲಿನ ಸಿಟ್ಟಿಗೆ ಹೇಳ್ತಿದಾನೆ ಅಂತಾರೆ. ಅದಕ್ಕೇ ಅಮ್ಮ ಹೇಳಬೇಕು. ಅವಳು ಹೇಳಿದ ಮೇಲೆ ಯಾರೂ ತುಟಿ ಬಿಚ್ಚಲ್ಲ. ಹುಡುಗಿ ಹೇಗೂ ಮಾರೋದು ನಿಲ್ಲಿಸಿದಾಳೆ, ಆದರೂ ಜನರಿಗೆ ಗೊತ್ತಾಗಬೇಕಲ್ಲ, ಯಾರು ಮೊದಲು ಹೇಳಿದ್ದು ಅಂತ. ಅಮ್ಮನನ್ನ ಕೇಳಿದೆ. ಬೇಡ ಅನ್ನಲಿಲ್ಲ. "ಒಳ್ಳೇ ಸೀರೆ ಉಡ್ಸು" ಅಂದಳು. ಬಿಂದು ಉಡಿಸಿ, ಹೂ ಮುಡಿಸಿ, ದಿಂಬಿಗೆ ಒರಗಿಸಿ ಹೋದಳು.

ಕ್ಯಾಮೆರಾ ಮಂಚದ ಮುಂದೆ ನಿಲ್ಲಿಸಿದೆ. ದೀಪ ಸರಿ ಮಾಡಿದೆ. ಪದಕವನ್ನ ಕೈಗೆ ಕೊಟ್ಟೆ. ಯಾವಾಗಲೂ ವಸ್ತು ಕೈಗೆ ಸಿಕ್ಕಿದ್ದೇ ತಡ, ಅದನ್ನೇ ನೋಡ್ತಾ, ತಿರುಗಿಸ್ತಾ, ಬಾಯಿಗೆ ಬಂದಿದ್ದು ಹೇಳ್ತಾ ಹೋಗ್ತಿದ್ದಳು. ಇವತ್ತು ಪದಕವನ್ನ ಮಡಿಲಲ್ಲಿಟ್ಟು ಸೆರಗು ಮುಚ್ಚಿದಳು.

"ಎಲ್ಲಿ ನೋಡ್ಕೊಂಡು ಹೇಳ್ಬೇಕು ಮನು?" ಅಂದಳು. ಇಷ್ಟು ವರ್ಷದಲ್ಲಿ ಯಾವತ್ತೂ ಕೇಳಿದವಳಲ್ಲ.

ಲೆನ್ಸ್ ತೋರಿಸಿ ಇಲ್ಲಿ ಅಂದೆ. ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು. ಇನ್ನೊಂದು ಸಲ ಶುರು ಮಾಡಿದೆ. "ನಾನು ಮುನಿಲಕ್ಷ್ಮಮ್ಮ" ಅಂದಳು, ಅಷ್ಟಕ್ಕೇ ನಿಂತಳು. ನೀರು ಕೊಟ್ಟೆ. ಏನಮ್ಮ, ಎರಡೇ ಮಾತು ತಾನೆ ಅಂದೆ.

"ಅಲ್ಲಿ ನೋಡಿದ್ರೆ ಯಾರ್ಯಾರೋ ಕೂತಿರೋ ಹಂಗಾಗುತ್ತೆ ಕಣೋ. ನನ್ನಂಥ ಮುದುಕೀರು. ಅವರನ್ನ ನೋಡ್ಕೊಂಡು ಬಾಯಿ ಬರಲ್ಲ" ಅಂದಳು. ಆಮೇಲೆ "ನಿನ್ನ ಮುಖ ನೋಡ್ಕೊಂಡಾದ್ರೆ ಹೇಳ್ತೀನಿ" ಅಂದಳು.

ಸರಿ ಅಂದೆ. ಸ್ಟೂಲ್ ಎಳೆದು ಕ್ಯಾಮೆರಾ ಪಕ್ಕ ಕೂತೆ. ಲೆನ್ಸಿಗೆ ಕೆನ್ನೆ ತಾಗೋ ಹಾಗೆ ಮುಖ ಇಟ್ಟೆ, ನೋಡೋರಿಗೆ ಅವಳು ಲೆನ್ಸನ್ನೇ ನೋಡ್ತಿರೋ ಹಾಗೆ ಕಾಣಲಿ ಅಂತ. ಅವಳು ನನ್ನ ಕಣ್ಣಲ್ಲಿ ಕಣ್ಣಿಟ್ಟು, ಒಂದು ಸಲವೂ ರೆಪ್ಪೆ ಹೊಡೆಯದೆ ಹೇಳಿದಳು: "ನಾನು ಬಿದ್ದಾಗ ಇದು ಹೊಡ್ಕೊಳ್ಳಲಿಲ್ಲ. ಹೊಡ್ಕೊಂಡಿದ್ರೆ ನನ್ನ ಮಗ ಬಂದಿರೋನು."

ಒಂದೇ ಸಲಕ್ಕೆ ಸರಿಯಾಗಿ ಬಂತು. ಧ್ವನಿ ಸ್ಪಷ್ಟವಾಗಿದೆ, ಬೆಳಕೂ ಚೆನ್ನಾಗಿ ಬಿದ್ದಿದೆ. ನಾಳೆ ಬೆಳಿಗ್ಗೆ ಹಾಕ್ತೀನಿ.